ಎಲ್ಲರೂ ಆರಾಮವಿದ್ದ ಓಣಿ

ಡಿಗ್ರಿ ಮುಗಿಸಿ ಕಾನಹೊಸಹಳ್ಳಿಯ ಮನೆಯಲ್ಲಿ ಕೂತಿದ್ದಾಗ ನನಗೊಂದು ಸಮೀಕ್ಷೆಯ ಕೆಲಸ ಸಿಕ್ಕಿತು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಬಸ್ಸಿನಲ್ಲಿ ಒಂದು ತಾಸಿನ ದೂರದ ಪಟ್ಟಣವೊಂದರಲ್ಲಿ ಪಂಚಾಯಿತಿಯವರು ಮನೆಮನೆಗೆ ನಲ್ಲಿ ಹಾಕಿಸುತ್ತಿದ್ದರು. ಎಲ್ಲರಿಗೂ ಒಮ್ಮೆಗೇ ಆಗದೆಂದು ಚೀಟಿ ಎತ್ತಿ ಅರ್ಧ ಓಣಿಗಳನ್ನು ಆರಿಸಿದ್ದರು. ಉಳಿದವಕ್ಕೆ ಮುಂದಿನ ವರ್ಷ. ನಲ್ಲಿ ಬಂದ ಮನೆಗಳಲ್ಲಿ ವಾಂತಿಭೇದಿ ನಿಜವಾಗಿ ಕಡಿಮೆಯಾಗುತ್ತದೆಯೇ ಎಂದು ಎರಡೂ ಕಡೆ ಕೇಳಿ ಹೋಲಿಸಬೇಕಿತ್ತು. ಹದಿನೈದು ದಿನಕ್ಕೊಮ್ಮೆ ಅದೇ ಮನೆ, ಅದೇ ಪ್ರಶ್ನೆ. ಹೇಳಿದ್ದನ್ನಷ್ಟೇ ಬರೆಯಿರಿ ಎಂದು ನಮ್ಮ ಮೇಲ್ವಿಚಾರಕರು ಕಟ್ಟುನಿಟ್ಟಾಗಿ ಹೇಳಿದ್ದರು. ಅವರು ನಿವೃತ್ತ ಲೆಕ್ಕದ ಮೇಷ್ಟ್ರು.

ನನಗೆ ಬಂದದ್ದು ನಲ್ಲಿಯಿಲ್ಲದ ಓಣಿ. ಮೊದಲೆರಡು ಸಲ ಜನ ಬಾಯ್ತುಂಬ ಮಾತಾಡಿದರು. ಯಾರಿಗೆ ಹೊಟ್ಟೆ ಕೆಟ್ಟಿತ್ತು, ಎಷ್ಟು ದಿನ, ಎಲ್ಲ ಬರೆದುಕೊಂಡೆ. ಮೂರನೆಯ ಸಲ ಹೋದದ್ದು ನಡುಮಧ್ಯಾಹ್ನ. ಕಟ್ಟೆಗಳ ಮೇಲೆ ಯಾರೂ ಇರಲಿಲ್ಲ. ಮೊದಲ ಬಾಗಿಲು ನಾನು ಬಡಿಯುವ ಮುಂಚೆಯೇ ಅರ್ಧ ತೆರೆಯಿತು.

"ನಮ್ಮನಿಯಾಗ ಎಲ್ಲಾರೂ ಆರಾಮ ಅದಾರ. ಬರ್ಕೊಳ್ರಿ."

ನಾನಿನ್ನೂ ಏನೂ ಕೇಳಿರಲಿಲ್ಲ. ಎರಡನೆಯ ಮನೆಯಲ್ಲೂ ಅದೇ ಮಾತು, ಮೂರನೆಯದರಲ್ಲೂ. ಒಂದಕ್ಷರ ಬದಲಿಲ್ಲ. ಯಾರೂ ನನ್ನ ಮುಖ ನೋಡಲಿಲ್ಲ. ಎಲ್ಲರ ಕಣ್ಣೂ ಪೆನ್ನಿನ ತುದಿಯ ಮೇಲೆ. ಹನ್ನೊಂದು ಮನೆಗಳ ಮುಂದೆ ನಾನು ಅದನ್ನೇ ಬರೆದೆ.

ಕೊನೆಯ ಮನೆಯ ಅಜ್ಜಿಯೂ ಅದನ್ನೇ ಹೇಳಿದಳು. ಹೇಳುತ್ತಿರುವಾಗಲೇ ಅವಳ ಹಿಂದಿನ ಕತ್ತಲಲ್ಲಿ ಯಾರೋ ನರಳಿದರು.

"ಒಳಗ ಯಾರದಾರ ಅಜ್ಜಿ?"

"ಯಾರೂ ಇಲ್ಲವ್ವ."

ಮತ್ತೆ ನರಳಿಕೆ. ಅಜ್ಜಿ ಬಾಗಿಲು ಬಿಟ್ಟು ಕದಲಲಿಲ್ಲ. ನಾನು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದೆ. ಆಗ ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

"ಸೊಸಿ ಅದಾಳ. ನಿನ್ನೆಲಿಂದ ವಾಂತಿ-ಭೇದಿ ಹತ್ಯಾವ. ಹೆಂಗ ಹೇಳ್ಲಿ? ಹೋದ ಸಲ ನೀನು ಎದುರುಮನಿಯಾಕಿದು ಬರ್ಕೊಂಡು ಹೋದಿ. ನಾಕು ದಿನಕ್ಕ ತೀರ್ಕೊಂಡ್ಳು. ನೀ ಬರ್ಕೊಂಡಿದ್ದಕ್ಕ ಹೋದ್ಲು ಅಂತಾರ."

ಎದುರು ಮನೆಗೆ ಬೀಗ ಬಿದ್ದದ್ದನ್ನು ಆಗಷ್ಟೇ ನೋಡಿದ್ದೆ. ಹಿಂದಿನ ಸಲ ಆ ಹೆಂಗಸಿನ ಹೆಸರಿನ ಮುಂದೆ 'ಎರಡು ದಿನದಿಂದ' ಎಂದು ಬರೆದು ನಾನು ಪಕ್ಕದ ಮನೆಗೆ ನಡೆದಿದ್ದೆ. ಅಷ್ಟೇ ಮಾಡಿದ್ದು.

ಆಟೋ ಕರೆಸಿ ಸೊಸೆಯನ್ನು ಸರ್ಕಾರಿ ಆಸ್ಪತ್ರೆಗೆ ಒಯ್ದೆವು. ಮೂರನೆಯ ದಿನ ಅವಳು ಎದ್ದು ಗಂಜಿ ಕುಡಿದಳು.

ಮೇಷ್ಟ್ರಿಗೆ ಎಲ್ಲ ಹೇಳಿದೆ. ಅವರು ನನ್ನ ಹಾಳೆಗಳನ್ನು ಬಹಳ ಹೊತ್ತು ತಿರುವಿದರು.

"ಇದನ್ನ ನಂಬಿದ್ರ ನಲ್ಲಿ ಇಲ್ಲದ ಓಣಿಯವ್ರ ಊರಾಗ ಎಲ್ಲಾರಕಿಂತ ಆರಾಮ ಅದಾರ ಅಂದಂಗಾತು" ಎಂದರು. "ರೋಗ ಅಲ್ಲ, ಅಂಜಿಕಿ ಎಣಿಸಿಕೊಂಡು ಬಂದೀವಿ ನಾವು."

ಅಲ್ಲಿಯವರೆಗಿನ ಎಣಿಕೆಯನ್ನೆಲ್ಲ ಕೈಬಿಟ್ಟು ಮೊದಲಿನಿಂದ ಶುರುಮಾಡಿದರು. ಈ ಸಲ ಎರಡೂ ಬಗೆಯ ಓಣಿಗಳಿಗೆ ಓಆರ್‌ಎಸ್ ಪೊಟ್ಟಣ ಹಿಡಿದ ನರ್ಸಮ್ಮ ಜೊತೆಗೆ ಬಂದಳು. ಮೊದಲು ಔಷಧಿ, ಆಮೇಲೆ ಪ್ರಶ್ನೆ. ಜನ ನಿಧಾನಕ್ಕೆ ಬಾಯಿಬಿಟ್ಟರು. ಆದರೂ ನಾನು ಪೆನ್ನು ತೆಗೆದರೆ ತಾಯಂದಿರು ಕೂಸಿನ ಮುಖಕ್ಕೆ ಸೆರಗು ಮುಚ್ಚುತ್ತಿದ್ದರು. ವರ್ಷದ ಕೊನೆಗೆ, ನಲ್ಲಿಯಿದ್ದ ಕಡೆ ಕಾಯಿಲೆ ಕಡಿಮೆಯೆಂದೇ ಲೆಕ್ಕ ಬಂತು. ಆಮೇಲೆ ನನ್ನ ಪಾಲಿನ ಓಣಿಗೂ ನಲ್ಲಿ ಬಂದವು.

ಮುಂದೆ ಹಡಗಲಿಯಲ್ಲಿ ಟೀಚರಾದೆ. ಮಗುವೊಂದು ಮೂರು ದಿನ ಬಾರದಿದ್ದರೆ, ಗೈರು ಎಂದು ಬರೆದು ಸುಮ್ಮನಿರಲು ನನಗೆ ಈಗಲೂ ಆಗುವುದಿಲ್ಲ. ಶಾಲೆ ಬಿಟ್ಟೊಡನೆ ಅದರ ಮನೆಗೆ ಹೋಗುತ್ತೇನೆ.