ಮರೆವಿನ ಹಣ್ಣಿನ ಗುಮಾನಿ

ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಆಗಿನ್ನೂ ಮನೆಗಳಿಗಿಂತ ಮರಳೇ ಹೆಚ್ಚಿತ್ತು. ಒಂದೇ ವಿಲ್ಲಾದ ಮುಂಭಾಗದಲ್ಲಿ ಮೈಸೂರಿನ ನಾವು, ಹಿಂಭಾಗದಲ್ಲಿ ಭಟ್ಕಳದ ಜುಬೇದಾ ಆಂಟಿಯವರು. ಅಂಗಳದ ಮೂಲೆಯಲ್ಲಿ ಒಂದು ಮುಳ್ಳುಪೊದೆಯಿತ್ತು. ಆಂಟಿಯ ಗಂಡ ವ್ಯಾಪಾರಕ್ಕೆ ಟ್ಯುನೀಷಿಯಾಕ್ಕೆ ಹೋದಾಗ ತಂದು ನೆಟ್ಟಿದ್ದು. ಮೆಡಿಟರೇನಿಯನ್ ಕಡಲ ದಂಡೆಯ ಕಾಡು ಎಲಚಿ.

ನನಗೆ ಆ ಪೊದೆಯ ಮೇಲೆ ನಂಬಿಕೆಯಿರಲಿಲ್ಲ. ಶಾಲೆಯ ಲೈಬ್ರರಿಯಲ್ಲಿ ಗ್ರೀಕರ ಹಳೆಯ ಕಥೆಯೊಂದನ್ನು ಓದಿದ್ದೆ. ದಾರಿ ತಪ್ಪಿದ ನಾವಿಕರು ಯಾವುದೋ ದಂಡೆಗಿಳಿದು, ಅಲ್ಲಿಯವರು ಕೊಟ್ಟ ಸಿಹಿಹಣ್ಣು ತಿಂದು ತಮ್ಮ ಊರನ್ನೇ ಮರೆತರು. ಅಳುತ್ತಿದ್ದವರನ್ನು ಎಳೆತಂದು ಹಡಗಿಗೆ ಕಟ್ಟಬೇಕಾಯಿತು. ಆ ಹಣ್ಣು ಈ ಕಾಡು ಎಲಚಿಯೇ ಇರಬೇಕೆಂದು ಪುಟದಡಿಯಲ್ಲಿ ಬರೆದಿತ್ತು.

"ಇದನ್ನ ತಿಂದೇ ನೀವು ಊರಿಗೆ ಹೋಗ್ತಿಲ್ವಾ ಆಂಟಿ?" ಎಂದು ಕೇಳಿದ್ದೆ.

"ಹೌದು ಮಾರಾಯ್ತಿ, ಅತ್ತೆ ಮನೆ ಅರ್ಧ ಮರ್ತು ಹೋಗಿದೆ. ಇನ್ನೆರಡು ಕೊಡು, ಪೂರ್ತಿ ಖಲಾಸ್ ಆಗ್ಲಿ!"

ನಮ್ಮ ಕಡೆ ಸಂಕ್ರಾಂತಿಯ ಸಂಜೆ, ದೃಷ್ಟಿ ತಾಗದಿರಲೆಂದು ಚಿಕ್ಕ ಮಕ್ಕಳ ತಲೆಯ ಮೇಲೆ ಎಲಚಿಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಎರೆಯುತ್ತಾರೆ. ಐದು ವರ್ಷ ತುಂಬುವವರೆಗೆ ಮಾತ್ರ. ಆ ವರ್ಷ ಅಂಗಡಿಯಲ್ಲಿ ಎಲಚಿ ಸಿಗಲಿಲ್ಲ. ಆಂಟಿ ಒಣಗಿಸಿಟ್ಟಿದ್ದ ಹಣ್ಣುಗಳನ್ನೇ ಅಮ್ಮ ನನ್ನ ತಮ್ಮನಿಗೆಂದು ಕೇಳಿ ತಂದಳು.

"ಬೇಡಮ್ಮ, ಪುಟ್ಟ ಎಲ್ಲಾ ಮರ್ತ್‌ಬಿಡ್ತಾನೆ" ಎಂದೆ.

"ಹಬ್ಬದ ದಿನ ಅಪದ್ಧ ಮಾತಾಡ್ಬೇಡ, ಹೋಗು."

ಮಣೆಯ ಮೇಲೆ ಮೂರು ವರ್ಷದ ತಮ್ಮ ಪುಟ್ಟ. ಕೊಬ್ಬರಿ, ಹುರಿದ ಎಳ್ಳಿನ ಘಮ. ಹಣ್ಣುಗಳು ತಲೆಯಿಂದ ಜಾರುವಾಗ ಅವನು ಭುಜ ಕುಗ್ಗಿಸಿ ಕಿಲಕಿಲ ನಕ್ಕ. ಹಬ್ಬಕ್ಕೆ ಬಂದಿದ್ದ ಮಕ್ಕಳೆಲ್ಲ ಆಯಲು ಮುಗಿಬಿದ್ದರು. ಅವನ ಕೈಯಿಂದ ಒಂದು ಹಣ್ಣು ಬಾಯಿಗೆ ಹೋದದ್ದನ್ನು ನಾನು ಕಂಡೆ.

ಪರೀಕ್ಷಿಸಿದೆ. "ಪುಟ್ಟ, ನಮ್ಮೂರು ಯಾವ್ದು ಹೇಳು?"

ದಿನವೂ "ಮೈಚೂರು!" ಎಂದು ಕಿರುಚುವವನು ನನ್ನನ್ನೇ ದಿಟ್ಟಿಸಿದ. ಬಾಯಿ ತೆರೆದಿತ್ತು, ಸ್ವರವಿರಲಿಲ್ಲ.

"ನೋಡಿ, ಮರ್ತೇಬಿಟ್ಟ!" ಎಂದು ಕೂಗಿದೆ. ಎಲ್ಲರೂ ಗೊಳ್ಳೆಂದು ನಕ್ಕರು.

ಜುಬೇದಾ ಆಂಟಿ ನಗಲಿಲ್ಲ. "ಅಯ್ಯೋ, ಮಗು ಉಸಿರಾಡ್ತಾ ಇಲ್ಲ!" ಎಂದವರೇ ಅವನನ್ನು ತೊಡೆಯ ಮೇಲೆ ಬೋರಲು ಹಾಕಿ ಬೆನ್ನಿಗೆ ಗುದ್ದಿದರು. ಮತ್ತೆ ಗುದ್ದಿದರು. ತುಟಿ ನೀಲಿಗಟ್ಟಿತ್ತು. ಕೊನೆಗೆ ಹಣ್ಣು ಹಾರಿ ನೆಲಕ್ಕೆ ಬಿತ್ತು, ಹಿಂದೆಯೇ ಅಳು.

ಪುಟ್ಟ ಈಗ ಆರಡಿ ಆಳು. ಅವನಿಗೆ ಏನೂ ನೆನಪಿಲ್ಲ. ನನಗೆ ಆ ನಗು ಇನ್ನೂ ಕೇಳಿಸುತ್ತದೆ. ಕೆಲವೊಮ್ಮೆ ನನ್ನ ನೆನಪಿನಲ್ಲಿ ಆಂಟಿ ಅಲ್ಲಿರುವುದೇ ಇಲ್ಲ. ನಾವೆಲ್ಲ ನಗುತ್ತಲೇ ಇರುತ್ತೇವೆ.

ಅಮ್ಮ ಮತ್ತೆಂದೂ ಎಲಚಿ ಎರೆಯಲಿಲ್ಲ. ನನಗೆ ಮಗಳು ಹುಟ್ಟಿದ ಮೇಲೆ ಪ್ರತಿ ಸಂಕ್ರಾಂತಿಗೂ ಅತ್ತೆ ಫೋನಿನಲ್ಲಿ, "ಈ ಸಲನಾದ್ರೂ ಎರಿಯಮ್ಮ, ಮಗೂಗೆ ಕಣ್ಣು ಬೀಳತ್ತೆ" ಎನ್ನುತ್ತಿದ್ದರು. ಹಣ್ಣು ತರುತ್ತಿದ್ದೆ. ಒಂದೊಂದನ್ನೇ ಒತ್ತಿ, ಒಳಗಿನ ಗಟ್ಟಿ ಬೀಜ ಬೆರಳಿಗೆ ಸಿಕ್ಕಿದೊಡನೆ ಎರೆಯದೆ ಎತ್ತಿಡುತ್ತಿದ್ದೆ.

"ಮಮ್ಮಾ, ವೈ ನಾಟ್ ಮೀ?" ಎಂದು ಮಗಳು ಕೇಳುತ್ತಿದ್ದಳು.

"ಮುಂದಿನ ವರ್ಷ ಕಂದಾ."

ಹೋದ ವಾರ ಅವಳಿಗೆ ಐದು ತುಂಬಿತು, ಎರೆಯುವ ವಯಸ್ಸು ಮುಗಿಯಿತು. ಅತ್ತೆ ಆಶೀರ್ವಾದ ಮಾಡಿದರು; ಎಲಚಿಯ ಮಾತೆತ್ತಲಿಲ್ಲ.