ಪ್ಯಾಂಟು ತೊಟ್ಟ ಕ್ಯಾನುಗಳು

ಟೈಲರಕ್ಕನ ಮನೆಗೆ ಮೊದಲ ಸಲ ಬಂದವರು ಮಂಚದ ಕೆಳಗೆ ಕಣ್ಣು ಹಾಯಿಸಿ ಬೆಚ್ಚಿಬೀಳುತ್ತಿದ್ದರು. ಅಲ್ಲಿ ಸಾಲಾಗಿ ನೀರಿನ ಕ್ಯಾನುಗಳು, ಒಂದೊಂದಕ್ಕೂ ಹಳೆ ಪ್ಯಾಂಟಿನ ಬಟ್ಟೆಯ ಉಡುಪು, ಸೊಂಟಕ್ಕೊಂದು ಲಾಡಿ. ಬೆಳಕು ತಾಗಿದರೆ ನೀರಿಗೆ ಪಾಚಿ ಹಿಡಿಯುತ್ತದೆಂದು, ಗಿರಾಕಿಗಳು ಉದ್ದ ಕಡಿಮೆ ಮಾಡಿಸಿ ಬಿಟ್ಟುಹೋದ ತುಂಡುಗಳನ್ನು ಸೇರಿಸಿ ಅವಳೇ ಹೊಲಿದಿದ್ದಳು. “ಮನುಷ್ಯರು ಇರೋಕೇ ಜಾಗ ಇಲ್ಲ, ನೀರಿಗೆ ಪ್ಯಾಂಟು ಬೇರೆ ಕೇಡು” ಎಂದು ಮೇಲಿನ ಮನೆಯ ಗಣಿತದ ಮೇಷ್ಟ್ರು ಅವಳಿಗೆ ಕೇಳಿಸುವಂತೆಯೇ ಮೆಟ್ಟಿಲ ಮೇಲೆ ನಿಂತು ನಗುತ್ತಿದ್ದರು.

ಅವಳ ಗಂಡ ಬಸ್ ಕಂಡಕ್ಟರ್ ಆಗಿದ್ದವನು. ಅವನು ಕೂಗಿದರೆ ಹಿಂದಿನ ಬಸ್ಸಿನವರೂ ಟಿಕೆಟ್ ತೆಗೆದುಕೊಳ್ಳುತ್ತಾರೆ ಎಂದು ಡ್ರೈವರುಗಳು ತಮಾಷೆ ಮಾಡುತ್ತಿದ್ದರಂತೆ. ಗಂಟಲಲ್ಲಿ ಗಡ್ಡೆಯಾಗಿ, ಆಪರೇಷನ್ ಆಗಿ, ದನಿ ಹೋಯಿತು, ನುಂಗುವುದೂ ಹೋಯಿತು. ಹೊಟ್ಟೆಗೆ ನೇರವಾಗಿ ಒಂದು ನಳಿಕೆ ಹಾಕಿ ಮನೆಗೆ ಕಳಿಸಿದರು. ತೆಳ್ಳಗಿನ ಗಂಜಿ ಹಾಕಬೇಕು, ಹಾಕಿದ ಕೂಡಲೇ ಕುದಿಸಿ ಆರಿಸಿದ ನೀರು ಬಿಟ್ಟು ನಳಿಕೆ ತೊಳೆಯಬೇಕು. ತೊಳೆಯದಿದ್ದರೆ ಕಟ್ಟಿಕೊಳ್ಳುತ್ತದೆ, ಕಟ್ಟಿಕೊಂಡರೆ ಹೊಟ್ಟೆಗೆ ಬೇರೆ ದಾರಿಯೇ ಇಲ್ಲ ಎಂದು ನರ್ಸು ಎಚ್ಚರಿಸಿದ್ದಳು. ಅವನು ಮನೆಗೆ ಬಂದ ವಾರವೇ ನಲ್ಲಿ ಕೈಕೊಟ್ಟಿತು. ಬೀದಿ ಬೀದಿ ಅಲೆದು ಅವಳು ಅರ್ಧ ಚೊಂಬು ನೀರು ತರುವಷ್ಟರಲ್ಲಿ ಅವನ ತುಟಿ ಒಡೆದು ರಕ್ತ ಬಂದಿತ್ತು. ಅಂದಿನಿಂದ ಕ್ಯಾನುಗಳು ಬಂದವು. ಬೆಂಕಿ ಬಿದ್ದಾಗ ಬಾವಿ ತೋಡುವ ಜನರ ನಡುವೆ, ಮೊದಲೇ ತೋಡಿಟ್ಟವಳಿಗೆ ಹುಚ್ಚಿ ಎಂಬ ಹೆಸರು ಬರದೆ ಇರುತ್ತದೆಯೇ?

ಅವಳಲ್ಲೂ ಒಂದು ಹಟವಿತ್ತು. ಆರು ತಿಂಗಳಿಗೊಮ್ಮೆ ನೀರು ಬದಲಾಯಿಸುವಾಗ ಎಲ್ಲ ಕ್ಯಾನುಗಳನ್ನೂ ಒಂದೇ ದಿನ ಖಾಲಿ ಮಾಡುತ್ತಿದ್ದಳು. ಅರ್ಧ ಇವತ್ತು, ಅರ್ಧ ಆಮೇಲೆ ಎನ್ನುವುದು ಅವಳಿಗೆ ಒಂದೇ ತೋಳು ಹೊಲಿದು ಅಂಗಿ ಕೊಟ್ಟ ಹಾಗೆ. ಹಳೆ ನೀರನ್ನು ಚೆಲ್ಲಲು ಮನಸ್ಸು ಬಾರದೆ ಕಟ್ಟಡದವರಿಗೆಲ್ಲ ಹೇಳಿಕಳಿಸುತ್ತಿದ್ದಳು. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂದು, ಅವಳನ್ನು ಕಂಡು ನಕ್ಕವರೇ ಬಕೆಟ್ ಹಿಡಿದು ಸಾಲು ನಿಲ್ಲುತ್ತಿದ್ದರು. ಕಟ್ಟಡದ ಸಂಘದ ಅಧ್ಯಕ್ಷರು ಕಾರು ತೊಳೆಯುತ್ತಿದ್ದರು. ಮೇಷ್ಟ್ರ ಹೆಂಡತಿ ಹೊದಿಕೆಗಳನ್ನೆಲ್ಲ ಒಗೆದು ಹಾಕುತ್ತಿದ್ದಳು.

ಈ ಸಲವೂ ಹಾಗೇ ಆಯಿತು. ಬೆಳಿಗ್ಗೆ ನೀರೆಲ್ಲ ಹಂಚಿ, ಕ್ಯಾನುಗಳನ್ನು ಉಜ್ಜಿ, ತಾರಸಿಯ ಮೇಲೆ ಬೋರಲು ಹಾಕಿ ಒಣಗಿಸಿದಳು. ಮಧ್ಯಾಹ್ನ ತುಂಬಿಸೋಣವೆಂದು ನಲ್ಲಿ ತಿರುಗಿಸಿದರೆ ಅದು ಎರಡು ಸಲ ಕೆಮ್ಮಿ ಸುಮ್ಮನಾಯಿತು. ರಸ್ತೆ ಅಗೆಯುವ ಯಂತ್ರ ದೊಡ್ಡ ಪೈಪನ್ನೇ ಸೀಳಿಹಾಕಿತ್ತು. ಸಂಜೆಯೊಳಗೆ ಅಂಗಡಿಗಳ ಬಾಟಲಿಗಳೂ ಮುಗಿದವು. ಮನೆಯಲ್ಲಿ ಉಳಿದದ್ದು ಗಂಡನ ನಳಿಕೆಗೆಂದು ಕುದಿಸಿ, ಬಾಯಿಗೆ ಬಟ್ಟೆ ಕಟ್ಟಿಟ್ಟ ಒಂದು ಪಾತ್ರೆ ನೀರು. ತಾನು ಅದರಿಂದ ಒಂದು ಗುಟುಕನ್ನೂ ಕುಡಿಯಲಿಲ್ಲ.

ಮರುದಿನ ಸಂಜೆ ಬಾಗಿಲು ತಟ್ಟಿದರು. ಮುಂದೆ ಅಧ್ಯಕ್ಷರು, ಹಿಂದೆ ಕೊಡ, ಬಕೆಟ್ಟು, ಪಾತ್ರೆ ಹಿಡಿದ ಇಡೀ ಕಟ್ಟಡ.

“ಟೈಲರಕ್ಕಾ, ಎಲ್ಲರಿಗೂ ಕಷ್ಟ ಬಂದಿದೆ. ನಿಮ್ಮ ಹತ್ರ ಅಂತೂ ಇದ್ದೇ ಇರುತ್ತೆ.”

“ನಿನ್ನೆ ನಿಮಗೇ ಕೊಟ್ಟೆನಲ್ಲ ಸಾರ್. ಕಾರು ತೊಳೆದ್ರಲ್ಲ.”

“ಅದು ಹಳೇದು. ಹೊಸದು ತುಂಬ್ಸಿರ್ತೀರಲ್ಲ, ಅದನ್ನ ಕೇಳ್ತಿರೋದು.”

“ತುಂಬ್ಸೋ ಹೊತ್ತಿಗೆ ನಲ್ಲಿ ನಿಂತೋಯ್ತು. ಬೇಕಾದ್ರೆ ತಾರಸಿಗೆ ಹೋಗಿ ನೋಡಿ.”

“ಇಷ್ಟು ವರ್ಷ ಕೂಡಿಟ್ಟೋಳು ಈಗ ಖಾಲಿ ಕೂತಿರ್ತಾಳಂತೆ!” ಎಂದರು ಮೇಷ್ಟ್ರು. “ಯಾರ ಕಿವಿಗೆ ಹೂವಿಡ್ತೀಯಮ್ಮ?”

ಒಳಗೆ ನುಗ್ಗಿದರು. ಹೊಲಿಗೆ ಮೆಷಿನ್ನಿನ ಕೆಳಗೆ ನೋಡಿದರು, ಬೀರು ತೆಗೆದರು. ಕಂಡಕ್ಟರನ ಹೊದಿಕೆಯನ್ನೂ ಎತ್ತಿ ನೋಡಿದರು. ಕಡೆಗೆ ಅಡುಗೆಮನೆಯ ಮೂಲೆಯಲ್ಲಿ ಬಟ್ಟೆ ಕಟ್ಟಿದ ಪಾತ್ರೆ ಸಿಕ್ಕಿತು.

“ಮತ್ತೆ ಇದೇನು?” ಮೇಷ್ಟ್ರ ದನಿಯಲ್ಲಿ ಕಳ್ಳನನ್ನು ಹಿಡಿದ ಖುಷಿಯಿತ್ತು.

“ಅದು ಇವರ ನಳಿಕೆಗೆ. ಕಾಲಿಗೆ ಬೀಳ್ತೀನಿ, ಅದೊಂದು ಬಿಟ್ಬಿಡಿ.”

“ನಮ್ಮನೇಲೂ ಮಕ್ಕಳಿದಾರೆ ಕಣ್ರೀ” ಎಂದಳು ಮೇಷ್ಟ್ರ ಹೆಂಡತಿ. ಅದು ಸುಳ್ಳಲ್ಲ. ಮಗು ಅವಳ ಸೊಂಟದಲ್ಲೇ ಅಳುತ್ತಿತ್ತು. ಪಾತ್ರೆಗೆ ಅಡ್ಡ ನಿಂತಿದ್ದ ಟೈಲರಕ್ಕ ಪಕ್ಕಕ್ಕೆ ಸರಿದಳು.

ಅಧ್ಯಕ್ಷರು ನ್ಯಾಯವಂತರು. ಅವಳ ಮನೆಯ ಲೋಟವನ್ನೇ ತೆಗೆದುಕೊಂಡು ಮನೆಗೊಂದರಂತೆ ಅಳೆದು ಹಂಚಿದರು. ಕೊನೆಯ ಲೋಟ ಅವಳಿಗೇ ಬಿಟ್ಟರು, “ಯಾರಿಗೂ ಅನ್ಯಾಯ ಆಗಬಾರದು ನೋಡಿ” ಎಂದರು. ಮಂಚದ ಮೇಲಿದ್ದವನ ಬಾಯಿ ಅಷ್ಟಗಲ ತೆರೆಯಿತು, ಉಸಿರಿನ ಸದ್ದಷ್ಟೇ ಬಂತು. ಅವನಿಗೆ ಆ ಹೊತ್ತು ಬಂದ ಸಿಟ್ಟನ್ನು ಅವಳೊಬ್ಬಳೇ ಕಂಡಳು.

ಆ ಲೋಟ ರಾತ್ರಿಗೇ ಮುಗಿಯಿತು. ಬೆಳಿಗ್ಗೆ ಅವನು ಹೊಟ್ಟೆ ತೋರಿಸಿದ. ಗಂಜಿ ಒಂದಿಷ್ಟು ಉಳಿದಿತ್ತು. ಹಸಿದ ಗಂಡನನ್ನು ನೋಡುತ್ತ ಕೂರುವುದು ಅವಳಿಂದಾಗಲಿಲ್ಲ. ಇನ್ನೇನು ನೀರು ಬಂದೇಬಿಡುತ್ತದೆ, ಬಂದ ಕೂಡಲೇ ತೊಳೆದರಾಯಿತು ಎಂದುಕೊಂಡು ಹಾಕಿಬಿಟ್ಟಳು. ನೀರು ಬರಲಿಲ್ಲ. ಬಿಸಿಲೇರುವ ಹೊತ್ತಿಗೆ ಗಂಜಿ ನಳಿಕೆಯಲ್ಲೇ ಗಟ್ಟಿಯಾಗಿತ್ತು, ಸಿರಿಂಜು ಒತ್ತಿದರೆ ಕದಲಲಿಲ್ಲ. ಆಸ್ಪತ್ರೆಗೆ ಫೋನು ಮಾಡಿದರೆ ಗಾಡಿಗಳೆಲ್ಲ ಹೊರಗಿವೆ, ಬರುತ್ತೇವೆ, ಕಾಯಿರಿ ಎಂದರು. ಮೆಟ್ಟಿಲಿಗೆ ಬಂದು ಕೂಗಿದಳು. ಒಬ್ಬರೂ ಇರಲಿಲ್ಲ. ಬೀದಿಯ ಕೊನೆಗೆ ಟ್ಯಾಂಕರ್ ಬಂದಿತ್ತು, ಎಲ್ಲರೂ ಅಲ್ಲಿದ್ದರು.

“ನೋಡಿದ್ರಾ, ಅವಳು ಬಂದೇ ಇಲ್ಲ. ಇನ್ನೂ ಎಲ್ಲೋ ಬಚ್ಚಿಟ್ಟಿದಾಳೆ” ಎಂಬ ಮಾತು ಆ ಸಾಲಿನ ತುದಿಯಿಂದ ತುದಿಗೆ ಓಡಾಡಿತು.

ಅದನ್ನು ಅವಳ ಮುಖಕ್ಕೇ ಹೇಳಬೇಕೆಂದು ಅಧ್ಯಕ್ಷರು ಮೇಲೆ ಬಂದರು. ಬಾಗಿಲಲ್ಲೇ ನಿಂತರು. ಕಂಡಕ್ಟರನ ಕಣ್ಣು ಗುಳಿ ಬಿದ್ದಿತ್ತು, ನಾಲಗೆ ಒಣಗಿ ಅಂಗುಳಿಗೆ ಅಂಟಿತ್ತು. ಟೈಲರಕ್ಕ ಅವನ ತುಟಿಗೆ ತನ್ನ ಎಂಜಲನ್ನು ಬೆರಳಿನಿಂದ ಸವರುತ್ತಿದ್ದಳು. ಅವರು ಬಂದ ಕಾಲಲ್ಲೇ ಇಳಿದುಹೋಗಿ ಕಂಡದ್ದನ್ನು ಸಾಲಿನವರಿಗೆ ಹೇಳಿದರು.

ಆಮೇಲೆ ಅವಳ ಬಾಗಿಲಿಗೆ ಟ್ಯಾಂಕರಿನ ನೀರು ಬರತೊಡಗಿತು. ಒಬ್ಬೊಬ್ಬರೇ ಸದ್ದಿಲ್ಲದೆ ಬಂದು ತುಂಬಿದ ಕೊಡ ಬಾಗಿಲ ಬಳಿ ಇಟ್ಟು, ಮುಖ ತೋರಿಸದೆ ಹೋದರು. ಒಳಗೆ ಬರುವ ಧೈರ್ಯ ಯಾರಿಗೂ ಆಗಲಿಲ್ಲ. ಬಾಗಿಲಿನಿಂದ ಮೆಟ್ಟಿಲ ತನಕ ಕೊಡಗಳು ತುಂಬಿಕೊಂಡವು. ಒಳಗೆ ನುಂಗಲಾರದ ಗಂಟಲು, ಸಿರಿಂಜಿನಲ್ಲಿ ನೀರು ಒತ್ತಿದರೂ ಬಿಡದ ನಳಿಕೆ. ಅಷ್ಟು ನೀರಿನಲ್ಲಿ ಅವಳು ಒಂದು ಬಟ್ಟೆ ತೋಯಿಸಿ ಅವನ ಮುಖ ಒರೆಸಿದಳು, ಅಷ್ಟೇ ಸಾಧ್ಯವಾದದ್ದು.

ಸಂಜೆ ಆಂಬುಲೆನ್ಸಿನವರು ಸ್ಟ್ರೆಚರ್ ಹಿಡಿದು ಹತ್ತಿ ಬಂದರೆ ಕಾಲಿಡಲು ಜಾಗವಿರಲಿಲ್ಲ. ಅವನನ್ನು ಹೊತ್ತು ಹೊಸ್ತಿಲಲ್ಲೇ ನಿಂತರು. ಅವನ ಉಸಿರು ಒಂದು ಬಂದರೆ ಇನ್ನೊಂದಕ್ಕೆ ಕಾಯಬೇಕಿತ್ತು. ಟೈಲರಕ್ಕ ಎರಡೂ ಕೈಯಿಂದ ಕೊಡಗಳನ್ನು ಗೋಡೆಗೆ ತಳ್ಳುತ್ತ, ಕಾಲಿನಿಂದ ಒದೆಯುತ್ತ ದಾರಿ ಮಾಡತೊಡಗಿದಳು. ಕೆಳಗಿನ ಮೆಟ್ಟಿಲಿಂದ ಮೇಷ್ಟ್ರು ಕೂಗಿದರು:

“ಸ್ವಲ್ಪ ನಿಧಾನ ಕಣಮ್ಮಾ, ನೀರು ಚೆಲ್ಲುತ್ತೆ!”