ಒಂಬತ್ತನೆಯ ಕಲಮು

ಸಪ್ತಾಪುರದಲ್ಲಿ ಮಹಡಿಯ ಮೇಲಿನ ಎರಡು ಕೋಣೆ ಬಾಡಿಗೆಗೆ ಹಿಡಿದಾಗ ಹನ್ನೊಂದು ತಿಂಗಳ ಕರಾರು ಪತ್ರಕ್ಕೆ ಓದದೆಯೇ ಸಹಿ ಹಾಕಿದ್ದೆ. ಓದಿದ್ದು ಅಕ್ಕನ ಆಪರೇಷನ್ ಆದ ಮೇಲೆ. ಗದಗಿನಿಂದ ಬಂದಿದ್ದ ಅವಳು ಆರು ವಾರ ನನ್ನಲ್ಲೇ ಇದ್ದು ಚೇತರಿಸಿಕೊಳ್ಳಬೇಕಿತ್ತು. ಆಸ್ಪತ್ರೆಯ ಕಾಗದ ಇಡಲು ಫೈಲು ತೆರೆದರೆ ಕರಾರು ಕೈಗೆ ಬಂತು. ಒಂಬತ್ತನೆಯ ಕಲಮು ಹೀಗಿತ್ತು: ಕರಾರಿನಲ್ಲಿ ಹೆಸರಿಲ್ಲದ ಯಾರನ್ನೂ ಮೂರು ದಿನಕ್ಕಿಂತ ಹೆಚ್ಚು ಇರಿಸಿಕೊಳ್ಳತಕ್ಕದ್ದಲ್ಲ, ತಪ್ಪಿದಲ್ಲಿ ಮುನ್ಸೂಚನೆಯಿಲ್ಲದೆ ಮನೆ ಖಾಲಿ ಮಾಡಿಸಲಾಗುವುದು.

ಅಕ್ಕ ಬಂದು ಆಗಲೇ ಐದು ದಿನವಾಗಿತ್ತು.

ಮನೆಯೊಡತಿ ಕೆಳಗೇ ಇದ್ದರು. ನಿವೃತ್ತ ಶಿಕ್ಷಕಿ, ಓಣಿಯವರಿಗೆಲ್ಲ ಬಾಯಾರು. ಈ ಸ್ಥಿತಿಯಲ್ಲಿ ಅಕ್ಕನನ್ನು ಕರೆದುಕೊಂಡು ಎಲ್ಲಿಗೆ ಹೋಗುವುದು? ಅವಳು ಇಲ್ಲಿರುವುದು ಅವರಿಗೆ ತಿಳಿಯದಂತೆ ನೋಡಿಕೊಳ್ಳಬೇಕು ಎಂದುಕೊಂಡೆ. ಹೊರಗೆ ಧೂಳು, ಬಾಲ್ಕನಿಗೆ ಹೋಗಬೇಡ ಎಂದು ಅಕ್ಕನಿಗೆ ಸುಳ್ಳು ಹೇಳಿದೆ. ಅವಳ ಸೀರೆಯನ್ನು ಒಳಗೇ ಒಣಹಾಕಿದೆ. ಕಾಲೇಜಿನ ಆಫೀಸಿಗೆ ಹೊರಟಾಗ ಹೊರಗಿನಿಂದ ಕೀಲಿ ಹಾಕಿಕೊಂಡು ಹೋಗುತ್ತಿದ್ದೆ. ಮೆಟ್ಟಿಲಲ್ಲಿ ಬಾಯಾರು ಎದುರಾದರೆ ಮುಖ ಕೊಡದೆ ಇಳಿಯುತ್ತಿದ್ದೆ. ಅಕ್ಕ ಏನೂ ಕೇಳಲಿಲ್ಲ. ಬರಬರುತ್ತ ಮಾತೇ ಕಡಿಮೆ ಮಾಡಿದಳು.

ಮೂರನೆಯ ವಾರ ಒಂದು ಮಧ್ಯಾಹ್ನ ಅವಳ ಫೋನು ಬಂತು. ತಲೆ ಸುತ್ತಿ ಬಿದ್ದಿದ್ದಳು, ಏಳಲು ಆಗುತ್ತಿರಲಿಲ್ಲ. ಇನ್ನೊಂದು ಕೀಲಿ ಇದ್ದದ್ದು ಬಾಯಾರ ಬಳಿ ಮಾತ್ರ. ಅವರಿಗೆ ಫೋನು ಮಾಡಿ, ಆಪರೇಷನ್ ಆದ ಅಕ್ಕ ಮೇಲೆ ಬಿದ್ದಿದ್ದಾಳೆ ಎಂದೆ.

ನಾನು ಬಂದು ಮುಟ್ಟುವಷ್ಟರಲ್ಲಿ ಬಾಯಾರು ಅಕ್ಕನನ್ನು ಹಾಸಿಗೆಯ ಮೇಲೆ ಮಲಗಿಸಿ, ಡಾಕ್ಟರಿಗೂ ಹೇಳಿ ಕಳಿಸಿದ್ದರು.

"ಆಪರೇಷನ್ ಆದಾಕಿನ್ನ ಒಳಗಿಟ್ಟು ಕೀಲಿ ಹಾಕಿ ಹೋಗ್ತಾರೇನ ಯವ್ವಾ?" ಎಂದರು.

ನಾನು ಒಂಬತ್ತನೆಯ ಕಲಮಿನ ಮಾತು ಹೇಳಿದೆ. ಅವರಿಗೆ ತಿಳಿಯಲಿಲ್ಲ. ಕನ್ನಡಕ ತರಿಸಿಕೊಂಡು ಕರಾರನ್ನು ಮೊದಲ ಸಲ ಓದಿದರು. ಬಾವಿಯ ನೀರನ್ನು ಕೆಡಿಸತಕ್ಕದ್ದಲ್ಲ ಎಂದೂ ಅದರಲ್ಲಿತ್ತು. ಆ ಮನೆಯಲ್ಲಿ ಬಾವಿಯೇ ಇರಲಿಲ್ಲ.

"ಇದನ್ನ ನಾ ಬರಸಿಲ್ಲ. ಟೈಪ್ ಮಾಡಾಂವ ಕೊಟ್ಟ, ನಾ ಸಹಿ ಮಾಡಿದೆ," ಎಂದು ಅವರು ತಲೆ ತಗ್ಗಿಸಿ ಕೂತರು.

ಅಕ್ಕ ಮಲಗಿದಲ್ಲಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. ಬಾಯಾರು ಇಳಿದು ಹೋದ ಮೇಲೆ ಮೆಲ್ಲಗೆ ಹೇಳಿದಳು: "ನಾ ಬಂದದ್ದು ನಿನಗ ಭಾರ ಆಗೇತಿ ಅನ್ಕೊಂಡಿದ್ದೆ."

ನಾನು ಕೀಲಿಯನ್ನು ಅವಳ ದಿಂಬಿನ ಪಕ್ಕ ಇಟ್ಟೆ. ಉಳಿದ ವಾರಗಳನ್ನು ಅವಳು ಹಗಲೆಲ್ಲ ಕೆಳಗೆ, ಬಾಯಾರ ಪಡಸಾಲೆಯಲ್ಲಿ ಕಳೆದಳು.

ಕರಾರು ಮುಗಿದಾಗ ಹೊಸದನ್ನು ಮಾಡಿಸಲು ನಾನೂ ಬಾಯಾರೂ ಕೂಡಿ ಕೋರ್ಟಿನ ಎದುರು ಟೈಪು ಮಾಡುವವನ ಬಳಿ ಹೋದೆವು. ಒಂಬತ್ತನೆಯ ಕಲಮು ತೆಗೆಯಬೇಕೆಂದೆ, ತೆಗೆದರೆ ಮುಂದೇನಾದರೂ ತೊಡಕಾಗುತ್ತದೆಯೇ ಎಂದೂ ಅಂಜುತ್ತಲೇ ಕೇಳಿದೆ. ಅವನು ತಲೆಯೆತ್ತದೆ ಅಳಿಸಿದ.

"ಏನೂ ಆಗೂದಿಲ್ರಿ. ಅದು ಎಲ್ಲಾ ಕರಾರಿನ್ಯಾಗೂ ಸುಮ್ನ ಇರ್ತೈತಿ."